ಸಾವಿನ ಮನೆಯ ಕೈ

ಚಾಮರಾಜನಗರದ ಭುವನೇಶ್ವರಿ ವೃತ್ತದ ಹೋಟೆಲುಗಳಲ್ಲಿ ಒಂದು ಮಾತು ಓಡಾಡುತ್ತಿತ್ತು. ಗಂಗಾಧರಸ್ವಾಮಿಯ ಕೆನ್ನೆ ಊದಿಕೊಂಡಿದ್ದರೆ ಮಂತ್ರಿಗಳು ಎಲ್ಲೋ ಸಾವಿನ ಮನೆಗೆ ಹೋಗಿ ಸಾಂತ್ವನ ಹೇಳಿ ಬಂದಿದ್ದಾರೆ ಅಂತ ಲೆಕ್ಕ. ಎರಡೂ ಕೆನ್ನೆ ಊದಿದ್ದರೆ ಸತ್ತವರು ಇಬ್ಬರು. ಕಾಫಿ ಕುಡಿಯುವವರು ಇದನ್ನು ಹೇಳಿ ನಗುತ್ತಿದ್ದರು. ಆದರೆ ಅದರಲ್ಲಿ ತಮಾಷೆ ಕಡಿಮೆ, ನಿಜವೇ ಹೆಚ್ಚು.

ಮಂತ್ರಿಗಳಿಗೆ ಬೆಂಗಳೂರಿನಲ್ಲಿ ಆಪ್ತ ಕಾರ್ಯದರ್ಶಿ ಇದ್ದರು, ವಿಶೇಷ ಅಧಿಕಾರಿ ಇದ್ದರು, ಭಾಷಣ ಬರೆಯುವವರಿದ್ದರು, ಬಿಸಿಲಿಗೆ ಛತ್ರಿ ಹಿಡಿಯುವವರೂ ಇದ್ದರು. ಜಿಲ್ಲೆಯಲ್ಲಿ ಏಟು ತಿನ್ನಲು ಇದ್ದವನು ಗಂಗಾಧರಸ್ವಾಮಿ ಒಬ್ಬನೇ. ಅವನ ಕಾರ್ಡಿನ ಮೇಲೆ 'ಆಪ್ತ ಸಹಾಯಕರು' ಎಂದು ಅಚ್ಚಾಗಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅನ್ನುವ ಗಾದೆ ಇದೆಯಲ್ಲ, ಆ ಎಮ್ಮೆಯ ಹುದ್ದೆಗೆ ನಮ್ಮ ಸರ್ಕಾರಗಳು ಇಟ್ಟಿರುವ ಹೆಸರು ಅದು.

ಗಂಗಾಧರಸ್ವಾಮಿ ಬೇಗೂರಿನವನು. ಅಪ್ಪ ಗುರುಸಿದ್ದಯ್ಯನಿಗೆ ಹೆದ್ದಾರಿ ಬದಿಯಲ್ಲಿ ಗೊಬ್ಬರದಂಗಡಿ, ಊರ ಹಿಂದೆ ಅರಿಸಿನದ ಹೊಲ. ಗುಂಡ್ಲುಪೇಟೆಯಲ್ಲಿ ಬಿ.ಎ. ಮುಗಿಸಿದ ಮಗ ಅಂಗಡಿಯ ಗಲ್ಲಾದ ಮುಂದೆ ಕೂರದೆ, ಆಗಿನ್ನೂ ಪಂಚಾಯಿತಿ ಮಟ್ಟದಲ್ಲಿದ್ದ ಈ ಮಂತ್ರಿ ಸಾಹೇಬರ ಬೆನ್ನು ಹತ್ತಿದ. ಅರ್ಜಿ ಬರೆಯುವುದು, ತಾಲ್ಲೂಕು ಕಚೇರಿಯಲ್ಲಿ ಕಾಯುವುದು, ಯಾರ ಮನೆಯಲ್ಲಿ ನಾಮಕರಣ ಯಾರ ಮನೆಯಲ್ಲಿ ತಿಥಿ ಎಂದು ನೆನಪಿಡುವುದು ಅವನ ಕೆಲಸ. ಸಾಹೇಬರು ಶಾಸಕರಾದರು, ಇವನು ಪಿಎ ಆದ. ಸಾಹೇಬರು ಮಂತ್ರಿಯಾದರು, ಇವನು ಪಿಎ ಆಗಿಯೇ ಉಳಿದ.

ಏಟು ತಿನ್ನುವ ವಿದ್ಯೆ ಅವನಿಗೆ ಸಿಕ್ಕಿದ್ದು ಉಮ್ಮತ್ತೂರಿನಲ್ಲಿ. ಸಾಹೇಬರು ಶಾಸಕರಾದ ಹೊಸತು. ಕೂಲಿಯವರನ್ನು ತುಂಬಿಕೊಂಡು ಬರುತ್ತಿದ್ದ ಟ್ರ್ಯಾಕ್ಟರು, ಸಾಹೇಬರೇ ರಿಪೇರಿ ಮಾಡಿಸುತ್ತೇನೆ ಎಂದು ಮಾತು ಕೊಟ್ಟಿದ್ದ ಮೋರಿಯ ಮೇಲೆ ಮಗುಚಿಕೊಂಡಿತು. ದೊಡ್ಡಮಾದಮ್ಮ ಎಂಬಾಕೆಯ ಮಗಳು ಟ್ರೈಲರಿನ ಅಡಿಗೆ ಸಿಕ್ಕಿ ಸತ್ತಳು. ಸಾಹೇಬರು ಹಾರ ಹಿಡಿದು ಕಾರಿನಿಂದ ಇಳಿದಿದ್ದೇ ತಡ, ಜನ ನುಗ್ಗಿದರು. ಒಬ್ಬ ಅವರ ಅಂಗಿಯ ಕಾಲರು ಹಿಡಿದು ಹರಿದ, ಇನ್ನೊಬ್ಬ ಕಾರಿನ ಗಾಜಿಗೆ ಗುದ್ದಲಿ ಬೀಸಿದ. ದೊಡ್ಡಮಾದಮ್ಮ ಕಾಲಿನ ಎಕ್ಕಡ ಕೈಗೆ ತೆಗೆದುಕೊಂಡು ಬಂದಾಗ ಗಂಗಾಧರಸ್ವಾಮಿ ಯೋಚನೆ ಮಾಡದೆ ಅಡ್ಡ ನಿಂತ. ಎಕ್ಕಡದ ಏಟು ಬಾಯಿಗೆ ಬಿತ್ತು, ತುಟಿ ಸೀಳಿತು, ಮುಂದಿನ ಒಂದು ಹಲ್ಲು ಮುರಿದು ನಾಲಿಗೆಯ ಮೇಲೆ ಉಳಿಯಿತು. ಆಕೆ ನಿಲ್ಲಿಸಲಿಲ್ಲ. ಕೈ ಸೋಲುವವರೆಗೂ ಹೊಡೆದಳು. ಆಮೇಲೆ ಅವನ ಎದೆಯ ಮೇಲೆಯೇ ತಲೆಯಿಟ್ಟು, ರಕ್ತವಾದ ಅಂಗಿ ಹಿಡಿದುಕೊಂಡು ಗೋಳೋ ಎಂದು ಅತ್ತಳು. ಸುತ್ತ ನಿಂತವರ ಕೈಗಳೆಲ್ಲ ಕೆಳಗಿಳಿದವು. ಸತ್ತವರ ಮನೆಯವಳೇ ಹೊಡೆದು ಮುಗಿಸಿದ ಮೇಲೆ ನಾವು ಯಾರು ಹೊಡೆಯಲು ಅನ್ನುವ ನಾಚಿಕೆ ಅವರ ಮುಖದಲ್ಲಿತ್ತು. ಸಾಹೇಬರು ಹರಿದ ಅಂಗಿಯಲ್ಲೇ ಮುಂದೆ ಬಂದು ಕೈ ಮುಗಿದರು, ಮಾತಾಡಿದರು. ಜನ ಕೇಳಿಸಿಕೊಂಡರು.

ವಾಪಸು ಬರುವಾಗ ಕಾರಿನಲ್ಲಿ ಸಾಹೇಬರು ತಮ್ಮ ಕರ್ಚೀಫು ಕೊಟ್ಟರು. ಆಮೇಲೆ, "ಸ್ವಾಮಿ, ಇನ್ಮೇಲೆ ಇಂಥ ಕಡೆ ನೀವು ಮುಂಚೆ ಹೋಗ್ಬುಡಿ. ತಣ್ಣಗಾದ್ಮೇಲೆ ಒಂದು ಫೋನ್ ಮಾಡಿ, ನಾನು ಬರ್ತೀನಿ" ಎಂದರು. ಕಂಡೋರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವವರು ಎಲ್ಲಾ ಕಾಲದಲ್ಲೂ ಇದ್ದಾರೆ. ಇವರು ತಳ್ಳುವ ಮೊದಲು ಕರ್ಚೀಫು ಕೊಟ್ಟರು, ಅಷ್ಟೇ ವ್ಯತ್ಯಾಸ.

ಹಾಗೆ ಅದೊಂದು ಪದ್ಧತಿಯೇ ಆಗಿಹೋಯಿತು. ಎಲ್ಲಿ ಅಪಘಾತವಾಗಲಿ, ಗೋಡೆ ಕುಸಿಯಲಿ, ಕಾಡುಪ್ರಾಣಿ ಮನುಷ್ಯನನ್ನು ಕೊಲ್ಲಲಿ, ಜನ ರೊಚ್ಚಿಗೆದ್ದಿದ್ದಾರೆ ಎಂದು ಸುದ್ದಿ ಬಂದರೆ ಗಂಗಾಧರಸ್ವಾಮಿ ಕನ್ನಡಕ ಮತ್ತು ಗಡಿಯಾರ ಬಿಚ್ಚಿ ಕಾರಿನಲ್ಲಿಟ್ಟು, ಒಬ್ಬನೇ ಹೆಣದ ಬಳಿಗೆ ನಡೆದು ಹೋಗುತ್ತಿದ್ದ. ನೆಲದ ಮೇಲೆ ಕೂರುತ್ತಿದ್ದ. ಪರಿಹಾರ ಎನ್ನುವ ಮಾತನ್ನು ತಾನಾಗಿ ಎತ್ತುತ್ತಿರಲಿಲ್ಲ. ಬೈದರೆ ಬೈಸಿಕೊಳ್ಳುತ್ತಿದ್ದ, ಉಗಿದರೆ ಒರೆಸಿಕೊಳ್ಳುತ್ತಿರಲಿಲ್ಲ. ಕೈ ಮಾತ್ರ ಎತ್ತಬಾರದು, ಮುಖ ಮುಚ್ಚಿಕೊಳ್ಳಲೂ ಎತ್ತಬಾರದು. ಹೊರಗಿನವರ ಏಟು ಎಷ್ಟು ಬಿದ್ದರೂ ಲೆಕ್ಕಕ್ಕಿಲ್ಲ, ಅದು ಉರಿಯುವ ಬೆಂಕಿಗೆ ತುಪ್ಪ. ಸಾವಿನ ಮನೆಯ ಕೈ ಬೀಳಬೇಕು. ತಾಯಿಯೋ ಹೆಂಡತಿಯೋ ಮಗನೋ ಎದ್ದು ಬಂದು ಅವನಿಗೆ ಹೊಡೆಯಬೇಕು. ಅದು ಬಿದ್ದ ಮೇಲೆ ಆ ಮನೆಯ ಸಿಟ್ಟು ಅಳುವಾಗುತ್ತದೆ, ಊರಿನ ಸಿಟ್ಟು ನಾಚಿಕೆಯಾಗುತ್ತದೆ. ಆಗ ಪಕ್ಕಕ್ಕೆ ಸರಿದು ಫೋನು ಮಾಡುತ್ತಿದ್ದ: "ತಣ್ಣಗಾಗಿದೆ ಸಾರ್, ಬನ್ನಿ."

ಈ ಕೆಲಸದಲ್ಲಿ ಅವನ ಎಡಗಿವಿ ಹೋಯಿತು. ತೆರಕಣಾಂಬಿಯ ರಸ್ತೆ ತಡೆಯಲ್ಲಿ ಯಾರೋ ಒದ್ದು ಪಕ್ಕೆಲುಬು ಬಿರುಕು ಬಿಟ್ಟಿತು. ಇನ್ನೊಂದು ಕಡೆ ತಮ್ಮನನ್ನು ಕಳೆದುಕೊಂಡವನೊಬ್ಬ ಅವನ ಕಿರುಬೆರಳನ್ನು ಹಿಂದಕ್ಕೆ ಬಗ್ಗಿಸಿ ಲಟಕ್ಕನೆ ಮುರಿದ. ಹೆಂಡತಿ ಶಾಂತಮಲ್ಲಮ್ಮ ಉಪ್ಪಿನ ಗಂಟು ಕಾಯಿಸಿ ಶಾಖ ಕೊಡುವಾಗಲೆಲ್ಲ ಕೈಗಿಂತ ಬಾಯಿಯೇ ಜೋರು.

"ನಿಮ್ಗೆ ನಾಚ್ಕೆ ಆಗಕಿಲ್ವಾ? ಬೇಗೂರಲ್ಲಿ ನಮ್ಮೋರು ಏನಂತಾವ್ರೆ ಗೊತ್ತಾ? ನಮ್ ಜನ ಆಗಿ ಕಂಡಕಂಡ ಕೇರಿಯೋರ ಕೈಲಿ ಎಕ್ಕಡದ ಏಟು ತಿಂದ್ಕಂಡ್ ಬತ್ತಾನೆ ಅಂತಾರೆ."

"ಮಗಳ್ನ ಕಳ್ಕಂಡವಳ ಕೈಗೆ ಯಾವ ಕೇರಿ ಬುಡು."

"ಆ ಸಾಹೇಬ್ರಿಗೆ ಕೆನ್ನೆ ಇಲ್ವಾ?"

ಅವನು ಮಗ್ಗುಲು ಬದಲಿಸಿ ಇನ್ನೊಂದು ಕೆನ್ನೆಯನ್ನು ಶಾಖಕ್ಕೆ ಕೊಡುತ್ತಿದ್ದ. ಸತ್ಯ ಹೇಳಬೇಕೆಂದರೆ ಅವನಿಗೆ ಈ ಏಟು ತಿನ್ನುವುದರಲ್ಲಿ ಹೆಮ್ಮೆಯಿತ್ತು. ತಾನು ಹೋದ ಕಡೆ ಲಾಠಿ ಬೀಸಿಲ್ಲ, ಗುಂಡು ಹಾರಿಲ್ಲ, ಹೆಣದ ಮೇಲೊಂದು ಹೆಣ ಬಿದ್ದಿಲ್ಲ. ಒಂದು ಕೆನ್ನೆಯಲ್ಲಿ ಇಷ್ಟು ಆಗುವುದಾದರೆ ಆಗಲಿ ಬಿಡು ಎಂದುಕೊಂಡಿದ್ದ. ಪಾಪ, ಅವನು ನಂಬಿದ್ದ.

ಹಂಗಳದಿಂದ ಒಳಗೆ, ಕಾಡಿನ ಅಂಚಿಗೆ ಅಂಟಿಕೊಂಡ ಸಣ್ಣ ಊರೊಂದಿದೆ. ಅಲ್ಲಿ ಚೆಂಡುಹೂವಿನ ಹೊಲ ಕಾಯುತ್ತಿದ್ದ ಮುದುಕನೊಬ್ಬನನ್ನು ಆನೆ ಸೊಂಡಿಲಲ್ಲಿ ಎತ್ತಿ ಬಡಿದು ಕೊಂದಿತು. ಮುದುಕನ ಹೆಂಡತಿ ಸುಂದ್ರಮ್ಮ ಗಂಗಾಧರಸ್ವಾಮಿಯ ಕೆನ್ನೆಗೆ ಹೊಡೆದು, ಅವನ ಕೂದಲು ಹಿಡಿದು ನೆಲಕ್ಕೆ ಚಚ್ಚಿದಳು. ಹಣೆ ಒಡೆಯಿತು. ಅವಳ ಕೈ ಬಿಡಿಸಿ ಅವನನ್ನು ಎಬ್ಬಿಸಿದವನು, ಚೊಂಬಿನಲ್ಲಿ ನೀರು ತಂದು ಮುಖಕ್ಕೆ ಹಾಕಿದವನು ಸತ್ತವನ ಮಗ ನಿಂಗರಾಜು. ಆಮೇಲೆ ಮಂತ್ರಿಗಳು ಬಂದರು. ಕಾಡಿಗೂ ಊರಿಗೂ ನಡುವೆ ಆನೆ ದಾಟದಂತೆ ಟ್ರೆಂಚು ತೋಡಿಸುತ್ತೇನೆ, ಇದು ನನ್ನ ಮಾತು ಎಂದರು. ಅವರು ಹೋದ ಮೇಲೆ ನಿಂಗರಾಜು ಗಂಗಾಧರಸ್ವಾಮಿಯ ನಂಬರು ತೆಗೆದುಕೊಂಡ.

"ಸ್ವಾಮೇರೇ, ಮಂತ್ರಿ ಮಾತು ನಂಗೊತ್ತಿಲ್ಲ. ನೀವು ರಕ್ತ ಸುರ್ಸಿದ್ ಮಾತಿದು. ಸುಳ್ಳಾಗಕಿಲ್ಲ ಅಂತ ನಂಬೀನಿ."

ಅಲ್ಲಿಂದ ಅವನು ಫೋನು ಮಾಡುತ್ತಲೇ ಇದ್ದ. ಗದರಿಸುತ್ತಿರಲಿಲ್ಲ, ಬೇಡುತ್ತಲೂ ಇರಲಿಲ್ಲ. "ಟ್ರೆಂಚ್ ವಿಚಾರ ಎಲ್ಲಿಗ್ ಬಂತು ಸ್ವಾಮೇರೇ?" ಅಷ್ಟೇ. ಗಂಗಾಧರಸ್ವಾಮಿ ಸಾಹೇಬರಿಗೆ ನೆನಪಿಸುತ್ತಿದ್ದ. ಕೆಲಸ ಯಾರ ಕಡೆಯ ಗುತ್ತಿಗೆದಾರನಿಗೆ ಎಂಬ ಜಗ್ಗಾಟ ಅವರ ಸುತ್ತಲಿನವರಲ್ಲೇ ನಡೆದಿತ್ತು. ಸಾಹೇಬರು ಪ್ರತಿ ಸಲ "ನೋಡೋಣ" ಎನ್ನುತ್ತಿದ್ದರು. ಮಳೆಗಾಲ ಹೋಗಿ ಇನ್ನೊಂದು ಮಳೆಗಾಲ ಬಂತು. ಕಡೆಕಡೆಗೆ ಫೋನಿನಲ್ಲಿ ನಿಂಗರಾಜುವಿನ ಹೆಸರು ಕಂಡರೆ ಗಂಗಾಧರಸ್ವಾಮಿ ಫೋನನ್ನು ಬೋರಲು ಹಾಕಿಡುತ್ತಿದ್ದ. ಎಷ್ಟೋ ಸಲ ಎತ್ತದೆ ಬಿಟ್ಟ.

ಆ ಬೆಳಿಗ್ಗೆಯೂ ಹಾಗೇ ಬಿಟ್ಟ. ಪೂಜೆ ಮುಗಿಸಿ, ವಿಭೂತಿ ಹಚ್ಚಿಕೊಂಡು ತಿಂಡಿಗೆ ಕೂತಿದ್ದ. ಮತ್ತೆ ಅದೇ ಹೆಸರು ಹೊಳೆಯಿತು. ಎತ್ತಿದ. ಹೆಂಗಸಿನ ದನಿ.

"ನಾನು ಭವ್ಯ, ನಿಂಗರಾಜು ಯೆಂಡ್ತಿ. ಸ್ವಾಮೇರೇ, ಇನ್ ಟ್ರೆಂಚ್ ಬ್ಯಾಡ ಬುಡಿ. ಕೇಳೋ ಮನ್ಸ ಓದ."

ಗಂಗಾಧರಸ್ವಾಮಿ ತಟ್ಟೆ ಮುಂದಿಟ್ಟುಕೊಂಡು ಹಾಗೇ ಕೂತುಬಿಟ್ಟ. ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ಅಳಬೇಕು ಅನ್ನಿಸಿತು, ಅಳಲು ತನಗೆ ಯಾವ ಹಕ್ಕಿದೆ ಅಂತಲೂ ಅನ್ನಿಸಿತು. ಅಷ್ಟರಲ್ಲಿ ಸಾಹೇಬರ ಫೋನು. ಅವರು ಗುಂಡ್ಲುಪೇಟೆಯ ಪ್ರವಾಸಿ ಮಂದಿರದಲ್ಲಿ ತಂಗಿದ್ದರು.

"ಹಂಗಳದ ಹತ್ರ ರೋಡ್ ಬ್ಲಾಕ್ ಮಾಡವ್ರಂತೆ. ಹೊರಡಿ ಸ್ವಾಮಿ. ನಾನು ಇಲ್ಲೇ ತಿಂಡಿ ಮುಗಿಸ್ಕೊಂಡು ರೆಡಿ ಇರ್ತೀನಿ."

ಹಂಗಳಕ್ಕೆ ಮುಂಚೆಯೇ ಊಟಿಗೆ ಹೊರಟ ಕಾರುಗಳು ಸಾಲುಗಟ್ಟಿ ನಿಂತಿದ್ದವು. ಗಂಗಾಧರಸ್ವಾಮಿ ಕಾರಿನಿಂದ ಇಳಿದು ನಡೆದ. ಮೊದಲು ಕಂಡದ್ದು ಹೊಗೆ. ಅರಣ್ಯದವರ ಜೀಪು ಮಗ್ಗುಲಾಗಿ ಬಿದ್ದು ಉರಿಯುತ್ತಿತ್ತು, ಟೈರು ಸಿಡಿಯುವ ಸದ್ದಿಗೆ ಹೆಂಗಸರು ಕಿವಿ ಮುಚ್ಚಿಕೊಳ್ಳುತ್ತಿದ್ದರು. ತಲೆಗೆ ಕಲ್ಲು ಬಿದ್ದ ಸಬ್ ಇನ್ಸ್‌ಪೆಕ್ಟರು ಮೈಲುಗಲ್ಲಿಗೆ ಒರಗಿ ಕೂತಿದ್ದ, ಅವನ ಕೈಕೆಳಗಿನ ನಾಲ್ಕೈದು ಪೊಲೀಸರು ದೂರ ನಿಂತಿದ್ದರು.

"ಮುಂದಕ್ ಓಗ್ಬೇಡಿ ಸ್ವಾಮಿ" ಎಂದ ಸಬ್ ಇನ್ಸ್‌ಪೆಕ್ಟರು. "ನಗರದಿಂದ ಫೋರ್ಸ್ ಬರ್ತಿದೆ. ಆದ್ರೆ ನಾವು ಒಂದ್ ಹೆಜ್ಜೆ ಇಟ್ರೆ ಬೋನಿಗೆ ಬೆಂಕಿ ಇಡ್ತಾರೆ."

ಬೋನು ರಸ್ತೆಯ ಮಧ್ಯದಲ್ಲಿತ್ತು. ಚಿರತೆ ಹಿಡಿಯಲು ಹಿಂದೆಂದೋ ತಂದು ಹೊಲದ ಬದುವಿನಲ್ಲಿ ಬಿಟ್ಟಿದ್ದ ಕಬ್ಬಿಣದ ಬೋನು. ಅದನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ತಂದಿದ್ದರು. ಒಳಗೆ ಮನುಷ್ಯನಿದ್ದ. ಅರಣ್ಯ ಇಲಾಖೆಯಲ್ಲಿ ದಿನಗೂಲಿ ವಾಚರ್ ಆಗಿದ್ದ ರಾಚಯ್ಯ, ಅದೇ ಊರಿನವನೇ. ಆನೆ ಬಂದಿದೆ ಎಂದು ಫೋನು ಮಾಡಿದಾಗ ಪಟಾಕಿ ಹಿಡಿದು ಬರಲು ತಡವಾಯಿತು ಎಂಬುದು ಅವನ ತಪ್ಪು. ಖಾಕಿ ಅಂಗಿ ಚಿಂದಿಯಾಗಿತ್ತು. ಒಂದು ಕಣ್ಣು ಊದಿ ಮುಚ್ಚಿಹೋಗಿತ್ತು. ಸರಳುಗಳ ಸಂದಿಯಿಂದ ದೊಣ್ಣೆ ತೂರಿಸಿ ಜನ ಅವನನ್ನು ತಿವಿಯುತ್ತಿದ್ದರು. ಅವನು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ತೆವಳುತ್ತಿದ್ದ. ಮೈಯೆಲ್ಲ ಪೆಟ್ರೋಲು ವಾಸನೆ. ನಿಂಗರಾಜುವಿನ ಜೊತೆಗಾರ ಶಿವಶಂಕರ ಬೋನಿನ ಮೇಲೆ ಕಾಲಿಟ್ಟು, ಬೆಂಕಿಪೊಟ್ಟಣ ಹಿಡಿದು ನಿಂತಿದ್ದ.

"ಬೇಲಿನೇ ಎದ್ದು ಒಲ ಮೇಯ್ದದೆ ಕಣ್ರಲಾ! ಮಂತ್ರಿ ಬರ್ಲಿ, ಬೋನಿನ ಬಾಗ್ಲು ತೆಗಿತೀವಿ. ಬರದೇ ಇದ್ರೆ ಇವನ್ನ ಇಲ್ಲೇ ಸುಡ್ತೀವಿ!"

ಬೋನಿನ ಮುಂದೆ ಚಾಪೆಯ ಮೇಲೆ ನಿಂಗರಾಜುವಿನ ಹೆಣವಿತ್ತು. ಕಂಬಳಿ ಹೊದಿಸಿದ್ದರು. ಎದೆಯ ಭಾಗದಲ್ಲಿ ಕಂಬಳಿ ಉಬ್ಬಿಕೊಂಡಿರಬೇಕಾದ ಕಡೆ ತಗ್ಗಾಗಿತ್ತು. ಆನೆ ಅಲ್ಲಿ ಕಾಲಿಟ್ಟಿತ್ತು. ತಲೆಯ ಬಳಿ ಸುಂದ್ರಮ್ಮ, ಕಾಲಿನ ಬಳಿ ಭವ್ಯ ಕೂತಿದ್ದರು. ಭವ್ಯಳ ಕೈತುಂಬ ಹಸಿರು ಬಳೆಗಳು ಇನ್ನೂ ಇದ್ದವು. ಅವಳು ಅಳುತ್ತಿರಲಿಲ್ಲ.

"ಬಂದ ನೋಡ್ರಪ್ಪ, ಏಟಿನ್ ಸ್ವಾಮಿ ಬಂದ!" ಎಂದು ಯಾರೋ ಕೂಗಿದರು.

ಮೊದಲ ಕಲ್ಲು ಹೆಗಲಿಗೆ ಬಿತ್ತು. ಎರಡನೆಯದು ಹುಬ್ಬಿನ ಮೇಲೆ. ರಕ್ತ ಕಣ್ಣಿಗಿಳಿದು ಅರ್ಧ ಜನ ಕಾಣದಾದರು. ಅವನು ನಿಲ್ಲದೆ ನಡೆದು ಹೋಗಿ ಹೆಣದ ಪಕ್ಕ ನೆಲದ ಮೇಲೆ ಕೂತ. ಬೆನ್ನಿಗೆ ಒದೆ ಬಿತ್ತು, ಮುಗ್ಗರಿಸಿ ನಿಂಗರಾಜುವಿನ ಕಾಲುಗಳ ಮೇಲೆ ಬಿದ್ದ. ಎದ್ದು ಕೂತ. ಬಾಳೆಗೆ ಆಸರೆ ಕೊಡುವ ಗಳುವಿನಿಂದ ಒಬ್ಬ ಬೀಸಿದ್ದು ಎಡಗೈಗೆ ತಾಗಿತು. ಮೊಣಕೈಯ ಕೆಳಗೆ ಮೂಳೆ ಮುರಿದದ್ದು ಕೆಟ್ಟ ಕಿವಿಗೂ ಕೇಳಿಸಿತು. ಕಣ್ಣು ಕತ್ತಲೆಗಟ್ಟಿತು. ಆದರೂ ಬಲಗೈ ಎತ್ತಲಿಲ್ಲ. ಇವೆಲ್ಲ ಹೊರಗಿನ ಕೈ ಎಂದು ತನಗೆ ತಾನೇ ಹೇಳಿಕೊಂಡ. ಮನೆಯ ಕೈ ಬೀಳಲಿ, ರಾಚಯ್ಯ ಉಳಿಯುತ್ತಾನೆ.

ಸುಂದ್ರಮ್ಮ ಎದ್ದಳು. ಹಿಂದೆ ಗಂಡ ಸತ್ತಾಗ ಎದ್ದ ಹಾಗೆಯೇ ಎದ್ದಳು. ಕೈ ಮೇಲಕ್ಕೆ ಹೋಯಿತು. ಜನ ಜಾಗ ಬಿಟ್ಟರು. ಗಂಗಾಧರಸ್ವಾಮಿ ಕಣ್ಣು ಮುಚ್ಚಿ ಕೆನ್ನೆ ಕೊಟ್ಟ. ಈ ಏಟು ತನಗೆ ಸಲ್ಲಬೇಕಾದದ್ದೇ, ಫೋನು ಎತ್ತದ ಪಾಪಕ್ಕೆ ಇದು ಕಡಿಮೆಯೇ ಎಂದು ಆ ಹೊತ್ತಿನಲ್ಲಿ ಅವನಿಗೆ ಅನ್ನಿಸಿತು.

ಏಟು ಬೀಳಲಿಲ್ಲ. ಕಣ್ಣು ತೆರೆದರೆ ಭವ್ಯ ಅತ್ತೆಯ ಮುಂಗೈ ಹಿಡಿದುಕೊಂಡಿದ್ದಳು.

"ಬ್ಯಾಡಿ ಅತ್ತೆ. ಇವರ್ಗೆ ಒಡಿಬ್ಯಾಡಿ."

"ಬುಡು ಕಣಮ್ಮಿ, ನನ್ ಮಗನ..."

"ಮಾವ ಸತ್ತಾಗ್ಲೂ ನೀವು ಇವರ್ಗೇ ಒಡುದ್ರಿ. ಒಡುದ್ಮೇಲೆ ನಿಮ್ ಒಟ್ಟೆಉರಿ ಇಳೀತು. ಇಳುದ್ಮೇಲೆ ಮಂತ್ರಿ ಬಂದ, ಕೈ ಮುಗುದ, ಕಾರತ್ಕಂಡ್ ಓದ. ಟ್ರೆಂಚ್ ಆಯ್ತಾ? ಅವತ್ತು ಆ ಉರಿ ಅಂಗೇ ಇದ್ದಿದ್ರೆ ಅವ್ನು ಎದ್ರುಕಂಡಾದ್ರೂ ಟ್ರೆಂಚ್ ತೆಗುಸ್ತಿದ್ದ. ನನ್ ಗಂಡ ಬದ್ಕಿರ್ತಿದ್ದ." ಭವ್ಯ ಗಂಗಾಧರಸ್ವಾಮಿಯ ಕಡೆ ತಿರುಗಿದಳು. ದನಿ ಏರಿಸಲಿಲ್ಲ. "ಸ್ವಾಮೇರೇ, ನಮ್ ಒಲಕ್ಕೆ ಬೇಲಿ ಇಲ್ಲ. ಆನೆಗೆ ಬೇಲಿ ಇಲ್ಲ. ಮಂತ್ರಿಗ್ ಮಾತ್ರ ನೀವ್ ಬೇಲಿ. ನಿಮ್ ಕೆನ್ನೆ ನಂಗ್ ಬ್ಯಾಡ."

ಎಕ್ಕಡದ ಏಟಿಗೆ ಆಗದ ನೋವು ಆ ಮಾತಿಗೆ ಆಯಿತು. ಇಷ್ಟು ವರ್ಷ ತಾನು ಏಟು ತಿಂದು ಪುಣ್ಯ ಕಟ್ಟಿಕೊಂಡೆ ಎಂದುಕೊಂಡಿದ್ದ. ಮುಟ್ಟಬೇಕಾದ ಜಾಗಕ್ಕೆ ಮುಟ್ಟುವ ಮುಂಚೆ ಬಡವರ ಸಿಟ್ಟನ್ನು ದಾರಿಯಲ್ಲೇ ಕದ್ದುಬಿಟ್ಟಿದ್ದ, ಅಷ್ಟೇ. ದೊಡ್ಡಮಾದಮ್ಮನ ಊರಿನ ಮೋರಿ ಇವತ್ತಿಗೂ ಹಾಗೇ ಇದೆ ಎಂಬುದು ಆಗ ನೆನಪಾಯಿತು. ಅವನಿಗೆ ತನ್ನ ಮೇಲೆಯೇ ಅಸಹ್ಯವಾಯಿತು.

ಮನೆಯ ಕೈ ಬೀಳಲಿಲ್ಲವೆಂದು ಕಂಡ ಜನ ಇನ್ನಷ್ಟು ಕೆರಳಿದರು. ಶಿವಶಂಕರ ಮತ್ತೊಂದು ಬಾಟಲಿ ಪೆಟ್ರೋಲನ್ನು ರಾಚಯ್ಯನ ತಲೆಯ ಮೇಲೆ ಸುರಿದ. ರಾಚಯ್ಯ ಕಿರುಚಿದ. "ಶಿವಣ್ಣಾ, ನಿಮ್ ದಮ್ಮಯ್ಯ! ಓಡೋಡಿ ಬಂದೆ ಕಣಣ್ಣಾ, ಪಟಾಕಿ ನೆಂದೋಗಿತ್ತು, ಅತ್ಕನಿಲ್ಲ!" ಕೇಳುವವರಿರಲಿಲ್ಲ. ಯಾರೋ ಕಲ್ಲೆಸೆದರು, ಸರಳಿಗೆ ಬಡಿದು ಒಳಗೆ ಬಿತ್ತು. ಅದೇ ವೇಳೆಗೆ ಗಂಗಾಧರಸ್ವಾಮಿಯ ಜೇಬಿನಲ್ಲಿ ಫೋನು ನಡುಗಿತು. ಸಾಹೇಬರು.

"ಏನ್ ಸ್ವಾಮಿ, ಇನ್ನೂ ಬಿದ್ದಿಲ್ವಾ?" ಅತ್ತ ಕಡೆ ಯಾರೋ ನಕ್ಕರು. ಸಾಹೇಬರೂ ನಕ್ಕರು. "ಬೇಗ ಬೀಳಿಸ್ಕೊಳ್ಳಿ ಮಾರಾಯ್ರೇ. ಮಧ್ಯಾಹ್ನ ನಂಗೆ ಮೈಸೂರಲ್ಲಿ ಫಂಕ್ಷನ್ ಐತೆ."

"ಐದ್ ನಿಮಿಷ ಸಾರ್" ಎಂದು ಗಂಗಾಧರಸ್ವಾಮಿ ಫೋನು ಕೆಳಗಿಟ್ಟ. ಏಟು ಬೀಳುವ ಮುಂಚೆ ಸಾಹೇಬರನ್ನು ಕರೆಸಿದರೆ ಕೆಲಸ ಹೋಗುತ್ತದೆ. ಕೆಲಸದ ಜೊತೆ ಮಾನವೂ ಹೋಗುತ್ತದೆ, ಅನ್ನ ಹಾಕಿದ ಧಣಿಗೆ ದ್ರೋಹ ಮಾಡಿದ ಎಂದು ಬೇಗೂರಿನಿಂದ ನಗರದವರೆಗೂ ಆಡಿಕೊಳ್ಳುತ್ತಾರೆ. ಕರೆಸದಿದ್ದರೆ ಕಣ್ಣೆದುರಿಗೇ ಬೋನಿನಲ್ಲಿ ಒಬ್ಬ ಮನುಷ್ಯ ಸುಟ್ಟು ಕರಕಲಾಗುತ್ತಾನೆ. ಮುರಿದ ಕೈಯನ್ನು ಹೊಟ್ಟೆಗೆ ಒತ್ತಿಕೊಂಡು ಎದ್ದ.

"ಭವ್ಯ, ಕೇಳವ್ವ. ಸಾಹೇಬ್ರನ್ನ ಈಗ್ಲೇ ಕರುಸ್ತೀನಿ. ನಾನು ಅಡ್ಡ ನಿಲ್ಲಕಿಲ್ಲ. ಆದ್ರೆ ನೀನು ನಂಗೆ ಎರಡು ಮಾತು ಕೊಡ್ಬೇಕು. ಕಾರು ಕಂಡ ತಕ್ಷಣ ರಾಚಯ್ಯನ್ನ ಬುಟ್ಬುಡ್ಬೇಕು. ಮತ್ತೆ, ಕಲ್ಲು ದೊಣ್ಣೆ ಯಾವ್ದೂ ಬೀಳಬಾರ್ದು. ಬಿದ್ರೆ ಮನೆ ಕೈ ಒಂದೇ ಬೀಳ್ಬೇಕು."

ಭವ್ಯ ಅವನ ಮುಖ ನೋಡಿದಳು. ಆಮೇಲೆ ಬೋನಿನ ಕಡೆ ನೋಡಿದಳು. "ಶಿವಣ್ಣ, ಬೆಂಕಿಕಡ್ಡಿ ಜೇಬಲ್ಲಿಕ್ಕು. ಎಲ್ರೂ ಕಲ್ಲು ಕೆಳಕ್ಕಾಕಿ. ನನ್ ಗಂಡನ ಎಣದ ಮೇಲೆ ಆಣೆ."

ಕಲ್ಲುಗಳು ಒಂದೊಂದಾಗಿ ರಸ್ತೆಯ ಮೇಲೆ ಬಿದ್ದವು. ಗಂಗಾಧರಸ್ವಾಮಿ ಪಕ್ಕಕ್ಕೆ ಸರಿದು ಫೋನು ಮಾಡಿದ. ದನಿ ಯಾವತ್ತಿನದೇ.

"ತಣ್ಣಗಾಗಿದೆ ಸಾರ್, ಬನ್ನಿ."

ಸಾಹೇಬರು ಅವನ ಈ ಮಾತನ್ನು ಯಾವತ್ತೂ ಅನುಮಾನಿಸಿದವರಲ್ಲ. ಅವರ ಕಾರು ಸಾಲುಗಟ್ಟಿ ನಿಂತ ಕಾರುಗಳ ಪಕ್ಕದ ಮಣ್ಣಿನಲ್ಲಿ ನುಗ್ಗಿಕೊಂಡು, ಬಿಳಿ ಹಾರದೊಂದಿಗೆ ಬೇಗ ಬಂತು. ಕಾರು ಕಂಡ ತಕ್ಷಣ ಶಿವಶಂಕರ ಬೋನಿನ ಬಾಗಿಲು ಮೇಲಕ್ಕೆಳೆದ, ರಾಚಯ್ಯ ನಾಲ್ಕು ಕಾಲಿನಲ್ಲಿ ಹೊರಗೆ ಬಂದು ರಸ್ತೆಯ ಮೇಲೆ ವಾಂತಿ ಮಾಡಿಕೊಂಡ. ಇಬ್ಬರು ಪೊಲೀಸರು ಅವನ ರಟ್ಟೆ ಹಿಡಿದು ಎಳೆದುಕೊಂಡು ಹೋದರು. ಯಾರೂ ತಡೆಯಲಿಲ್ಲ. ಎಲ್ಲರ ಕಣ್ಣೂ ಕಾರಿನ ಮೇಲಿತ್ತು.

ಸಾಹೇಬರು ಇಳಿದು, ಮುಖಕ್ಕೆ ತಕ್ಕ ದುಃಖ ತಂದುಕೊಂಡು, ಹಾರ ಹಿಡಿದು ಹೆಣದ ಬಳಿ ಬಂದರು. ಜನರ ಮೌನ ಅವರಿಗೆ ಅಭ್ಯಾಸವಾದ ಮೌನ. ಬಗ್ಗಿ ಹಾರ ಇಡಬೇಕು ಅನ್ನುವಾಗ ಭವ್ಯ ಎದ್ದು ನಿಂತಳು.

ಮೊದಲ ಏಟಿಗೆ ಸಾಹೇಬರ ಕನ್ನಡಕ ಹಾರಿ ಬಿತ್ತು. ಎರಡನೆಯದಕ್ಕೆ ತುಟಿ ಒಡೆಯಿತು. ಅವರು ಹಿಂದೆ ಸರಿದರು, ಅವಳು ಅಂಗಿಯ ಎದೆ ಹಿಡಿದು ಎಳೆದುಕೊಂಡಳು. ಮುಷ್ಟಿ ಕಟ್ಟಿ ಎದೆಗೆ, ಭುಜಕ್ಕೆ, ಕತ್ತಿಗೆ ಗುದ್ದಿದಳು. ಗುದ್ದಿದ ಹಾಗೆಲ್ಲ ಹಸಿರು ಬಳೆಗಳು ಒಡೆದವು, ಚೂರುಗಳು ಸಾಹೇಬರ ಕೆನ್ನೆ ಗೀರಿದವು, ಅವಳ ಮುಂಗೈಯನ್ನೂ ಸೀಳಿದವು. ಬಿಳಿ ಅಂಗಿಯ ಮೇಲೆ ಇಬ್ಬರ ರಕ್ತವೂ ಬಿತ್ತು. ಗಂಡ ಸತ್ತವಳ ಬಳೆ ಒಡೆಯಲು ಊರಿನ ಮುದುಕಿಯರು ಬರಬೇಕಾಗಲಿಲ್ಲ.

"ಸ್ವಾಮೀ!" ಎಂದು ಸಾಹೇಬರು ಚೀರಿದರು. "ಗಂಗಾಧರಸ್ವಾಮೀ, ಎಲ್ರೀ ಇದ್ದೀರಿ?"

ಗಂಗಾಧರಸ್ವಾಮಿ ಮೂರು ಹೆಜ್ಜೆ ದೂರದಲ್ಲೇ ಇದ್ದ. ಅವನ ಕಾಲುಗಳು ರೂಢಿಯಂತೆ ಮುಂದೆ ಹೋಗಲು ಎದ್ದವು. ಹಲ್ಲು ಕಚ್ಚಿ ನಿಂತ. ಗನ್‌ಮ್ಯಾನ್ ಸೊಂಟದ ಪಿಸ್ತೂಲಿಗೆ ಕೈ ಹಾಕಿದಾಗ ಮಾತ್ರ ಸರಿದು, ಮುರಿಯದ ಕೈಯಲ್ಲಿ ಅವನ ಮುಂಗೈಯನ್ನು ಬಲವಾಗಿ ಹಿಡಿದ.

"ಬ್ಯಾಡ ಕಣಪ್ಪ. ಇದು ಮನೆ ಕೈ. ಮುಗೀಲಿ."

ಮುಗಿಯಿತು. ಭವ್ಯಳ ಕೈಗಳು ಸೋತವು. ಅವಳು ಸಾಹೇಬರ ಅಂಗಿಯನ್ನು ಹಿಡಿದುಕೊಂಡೇ ಕುಸಿದಳು, ಅವರೂ ಅವಳ ಜೊತೆ ಮಂಡಿಯೂರಿ ಕೂರಬೇಕಾಯಿತು. ಬೆಳಗಿನಿಂದ ಬಾರದ ಅಳು ಆಗ ಬಂತು. ನಿಂಗರಾಜು, ನಿಂಗರಾಜು ಎಂದು ಹೆಸರು ಹಿಡಿದು ಕೂಗಿ ಅತ್ತಳು. ಸುಂದ್ರಮ್ಮ ಬಂದು ಸೊಸೆಯನ್ನು ತಬ್ಬಿಕೊಂಡಳು. ಸುತ್ತ ನಿಂತ ಗಂಡಸರು ತಲೆ ತಗ್ಗಿಸಿದರು. ಶಿವಶಂಕರ ಹೆಗಲ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡ.

ಸಾಹೇಬರು ನೆಲದ ಮೇಲೆ, ಹೆಣದ ಪಕ್ಕದಲ್ಲಿ, ಊದುತ್ತಿರುವ ಕೆನ್ನೆಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದರು. ಕಂಬಳಿ ಸರಿದಿತ್ತು. ತಗ್ಗಾದ ಆ ಎದೆ ಅವರ ಕಣ್ಣಿಗೆ ಬಿತ್ತು, ನೋಟ ಬೇರೆ ಕಡೆ ತಿರುಗಿಸಲು ಜಾಗವಿರಲಿಲ್ಲ. ಕೊನೆಗೆ ತಲೆಯೆತ್ತಿ ತಮ್ಮ ಪಿಎಯನ್ನು ನೋಡಿದರು. ದನಿಯಲ್ಲಿ ಸಿಟ್ಟಿಗಿಂತ ದಿಗಿಲು ಹೆಚ್ಚಿತ್ತು.

"ತಣ್ಣಗಾಗಿದೆ ಅಂದ್ಯಲ್ಲೋ?"

ಗಂಗಾಧರಸ್ವಾಮಿ ಜೇಬಿನಿಂದ ಕರ್ಚೀಫು ತೆಗೆದು ಅವರ ಕೈಗೆ ಕೊಟ್ಟ.

"ಈಗ ತಣ್ಣಗಾಯ್ತು ಸಾರ್" ಎಂದ. "ಟ್ರೆಂಚ್ ವಿಚಾರ ಹೇಳಿ."